ಏರುವುದೆಲ್ಲ ಅನಂತವನ್ನು ಮುಟ್ಟುವುದೆ?

ನೂರಕ್ಕೆ ನೂರು ಬಡ್ಡಿ ಕೊಡುವ ಸಾಹುಕಾರನೊಬ್ಬನಿದ್ದಾನೆಂದು ಭಾವಿಸೋಣ. ಅವನಲ್ಲಿಟ್ಟ ಒಂದು ರೂಪಾಯಿ ವರ್ಷಾಂತ್ಯಕ್ಕೆ ಎರಡಾಗುತ್ತದೆ. ಆರು ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸಿದರೆ 2.25, ಮೂರು ತಿಂಗಳಿಗೊಮ್ಮೆಯಾದರೆ 2.44; ತಿಂಗಳಿಗೊಮ್ಮೆಯಾದರೆ 2.61. ಹಾಗಾದರೆ ಕ್ಷಣಕ್ಷಣಕ್ಕೂ ಬಡ್ಡಿ ಸೇರುತ್ತ ಹೋದರೆ ಆ ರೂಪಾಯಿ ಬೆಟ್ಟವಾಗಿ ಬೆಳೆದೀತೆ? ಬಾಸೆಲ್ ನಗರದ ಗಣಿತಜ್ಞ ಯಾಕೋಬ್ ಬೆರ್ನೂಲಿ 1683ರಲ್ಲಿ ಎತ್ತಿಕೊಂಡ ಪ್ರಶ್ನೆಯಿದು.

ವರ್ಷವನ್ನು ಎನ್ ಭಾಗಗಳಾಗಿ ಮಾಡಿದರೆ, ಒಂದಕ್ಕೆ ಎನ್‌ನ ಒಂದಂಶವನ್ನು ಕೂಡಿಸಿ, ಬಂದುದನ್ನು ಎನ್ ಬಾರಿ ಇಟ್ಟು ಗುಣಿಸಬೇಕು. ಎನ್ ಬೆಳೆದಂತೆ ಈ ಗುಣಕ ಒಂದಕ್ಕೆ ಸಮೀಪಿಸುತ್ತದೆ. ಆದುದರಿಂದ ಉತ್ತರ ಒಂದೇ ಎನ್ನುವವರುಂಟು. ಗುಣಾಕಾರಗಳು ಅನಂತ, ಆದುದರಿಂದ ಉತ್ತರವೂ ಅನಂತ ಎನ್ನುವವರೂ ಉಂಟು. ಇಬ್ಬರೂ ಎಡವಿದ್ದಾರೆ.

‘ಏರಿಕೆಯ ಹೆಜ್ಜೆ ಕಿರಿದಾಗುತ್ತಿದೆಯಲ್ಲ, ಎಲ್ಲಿಯಾದರೂ ನಿಲ್ಲಲೇಬೇಕು’ ಎಂಬ ಮಾತೂ ಸಾಲದು. ಒಂದು, ಅರ್ಧ, ಮೂರನೆಯ ಒಂದು, ನಾಲ್ಕನೆಯ ಒಂದು ಎಂದು ಕೂಡಿಸುತ್ತ ಹೋಗಿ. ಹೆಜ್ಜೆ ಸವೆಯುತ್ತಲೇ ಇರುತ್ತದೆ. ಆದರೂ ಮೂರನೆಯ ಮತ್ತು ನಾಲ್ಕನೆಯ ಪದಗಳ ಮೊತ್ತ ಅರ್ಧಕ್ಕಿಂತ ಹೆಚ್ಚು. ಮುಂದಿನ ನಾಲ್ಕರದೂ ಹೆಚ್ಚು. ಅದರ ಮುಂದಿನ ಎಂಟರದೂ ಹೆಚ್ಚು. ಹೀಗೆ ಅರ್ಧಗಳು ಮುಗಿಯದೆ ಬರುವುದರಿಂದ ಮೊತ್ತಕ್ಕೆ ಎಲ್ಲೆಯಿಲ್ಲ. 14ನೆಯ ಶತಮಾನದಲ್ಲಿಯೇ ಫ್ರಾನ್ಸಿನ ನಿಕೋಲ್ ಒರೆಮ್ ಇದನ್ನು ತೋರಿಸಿದ್ದನು.

ಆದಕಾರಣ ಕಣ್ಣಳತೆಯನ್ನು ಬಿಟ್ಟು ಕಲನಶಾಸ್ತ್ರದ ಮೊರೆಹೋಗಬೇಕು. ನಮ್ಮ ಗುಣಲಬ್ಧದ ಸ್ವಾಭಾವಿಕ ಲಾಗರಿತಮ್ ತೆಗೆದುಕೊಳ್ಳೋಣ. ಎನ್‌ನ ಒಂದಂಶವನ್ನು ಹೆಚ್ ಎಂದು ಕರೆದರೆ, ಒಂದು ಕೂಡಿಸು ಹೆಚ್ ಎಂಬುದರ ಲಾಗರಿತಮನ್ನು ಹೆಚ್‌ನಿಂದ ಭಾಗಿಸಿದಂತಾಗುತ್ತದೆ. ಹೆಚ್ ಶೂನ್ಯದತ್ತ ಸರಿದಾಗ ಅಂಶ, ಛೇದ ಎರಡೂ ಶೂನ್ಯವಾಗುತ್ತವೆ. ಇಂಥ ಕಡೆ ಅವೆರಡರ ಬದಲಿಗೆ ಅವು ಬದಲಾಗುವ ದರಗಳನ್ನು ಹೋಲಿಸಬೇಕು. ಇಲ್ಲಿ ಎರಡು ದರಗಳೂ ಒಂದನ್ನೇ ಸೇರುತ್ತವೆ. ಅವುಗಳ ನಿಷ್ಪತ್ತಿಯೂ ಒಂದು. ಅಂದರೆ ಲಾಗರಿತಮಿನ ಪರಿಮಿತಿ ಒಂದು. ಯಾವ ಸಂಖ್ಯೆಯ ಸ್ವಾಭಾವಿಕ ಲಾಗರಿತಮ್ ಒಂದಾಗಿದೆಯೋ ಆ ಸಂಖ್ಯೆಗೆ ನಮ್ಮ ಶ್ರೇಣಿ ಅಭಿಸರಿಸುತ್ತದೆ. ಅದು 2.71828ರಿಂದ ಆರಂಭವಾಗಿ ಕೊನೆಯಿಲ್ಲದೆ ಸಾಗುವ ಸಂಖ್ಯೆ. ಆಯ್ಲರ್ ಅದನ್ನು ‘ಇ’ ಎಂಬ ಅಕ್ಷರದಿಂದ ಕರೆದನು.

ಈ ನಿಯಮ ಮೊದಲು ಅಚ್ಚಾದುದು 1696ರಲ್ಲಿ, ಲೋಪಿತಾಲನ ಗ್ರಂಥದಲ್ಲಿ. ಕಂಡುಹಿಡಿದವನು ಮಾತ್ರ ಯಾಕೋಬನ ತಮ್ಮ ಯೋಹಾನ್. ಅಣ್ಣನ ಒಗಟಿಗೆ ತಮ್ಮನ ಕೀಲಿಕೈ!

ದಿನಬಡ್ಡಿಯನ್ನು ಬಿಟ್ಟು ಕ್ಷಣಬಡ್ಡಿಗೆ ಹಾರಿದರೆ ನಮ್ಮ ರೂಪಾಯಿಗೆ ಸಿಗುವ ಹೆಚ್ಚಿನ ಲಾಭ ಅರ್ಧ ಪೈಸೆಗೂ ಕಡಮೆ. ಆಸೆಗೆ ಎಲ್ಲೆಯಿಲ್ಲದಿರಬಹುದು, ಈ ಏರಿಕೆಗೆ ಇದೆ.