ನಮೂನೆಯೂ ಖಾತೆಯೂ
(ಸಂಘದ ಕೂಟದಲ್ಲಿ ಮಾಡಿದ ಭಾಷಣ)



ಬಿ.ಕಾಂ. ಓದಿ ಬ್ಯಾಂಕಿನ ಗುಮಾಸ್ತರಾದ ನಾವು ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ಮಾತನ್ನು ಇಲ್ಲಿ ಎತ್ತುವುದು ಅಧಿಕಪ್ರಸಂಗವೆನಿಸೀತು. ಆದರೆ ನಮ್ಮ ಲೆಡ್ಜರುಗಳೆಲ್ಲ ಯಂತ್ರದೊಳಗೆ ಹೋಗಿರುವಾಗ ಅದರ ಒಳಮನೆಯನ್ನು ಇಣುಕಿಯೂ ನೋಡದಿರುವುದು ನಾಚಿಕೆಯೆನಿಸಿ, ಮೂವತ್ತು ದಾಟಿದ ಮೇಲೆ ನಾವು ಮೂವರು ಸ್ನೇಹಿತರು ರಾತ್ರಿಯ ಊಟವಾದ ಬಳಿಕ ಪೈಥಾನ್ ಎಂಬ ಭಾಷೆಯನ್ನು ಕಲಿಯತೊಡಗಿದೆವು. ‘ಕ್ಲಾಸ್’ ಎಂಬ ಪಾಠದಲ್ಲಿ ಎಡವಿದೆವು. ತಮ್ಮ ಮಕ್ಕಳೂ ಅಲ್ಲಿಯೇ ಎಡವುತ್ತಿರಬಹುದು.

ಕ್ಲಾಸ್ ಎಂದರೆ ಮನೆಯ ನಕ್ಷೆ, ಇನ್‌ಸ್ಟನ್ಸ್ ಎಂದರೆ ಕಟ್ಟಿದ ಮನೆ ಎಂದು ಪುಸ್ತಕಗಳು ಹೇಳುತ್ತವೆ. ಮುಂಬಯಿಯ ಬಾಡಿಗೆ ಖೋಲಿಯಲ್ಲಿರುವ ನಮಗೆ ನಕ್ಷೆಯೂ ದೂರ, ಮನೆಯೂ ದೂರ! ನಾವು ಬಲ್ಲದ್ದು ಉಳಿತಾಯ ಖಾತೆ. ಖಾತೆಯೆಂದರೆ ಹೆಸರಿರಬೇಕು, ಶಿಲ್ಕು ಇರಬೇಕು, ಹಣ ಕಟ್ಟಲೂ ತೆಗೆಯಲೂ ಬರಬೇಕು. ಈ ನಮೂನೆಯೇ ಕ್ಲಾಸ್. ಅದರಲ್ಲಿ ಯಾರ ಕಾಸೂ ಇಲ್ಲ. ಅದರಂತೆ ತೆರೆದ ಅತ್ತೆಯವರ ಖಾತೆ, ಸೊಸೆಯ ಖಾತೆ ಒಂದೊಂದೂ ಇನ್‌ಸ್ಟನ್ಸ್. ನಾರ್ವೆಯ ಡಾಲ್ ಮತ್ತು ನೈಗಾರ್ಡ್ ಎಂಬ ಇಬ್ಬರು 1967ರ ಸಿಮುಲಾ ಭಾಷೆಯಲ್ಲಿ ತಂದ ವಿಚಾರವಿದು.

ನಾವು ಮಾಡಿದ ತಪ್ಪನ್ನು ಕೇಳಿ. ಶಿಲ್ಕನ್ನೂ ಜಮಾಖರ್ಚಿನ ಪಟ್ಟಿಯನ್ನೂ ಕ್ಲಾಸಿನ ಮೊದಲಲ್ಲೇ ಬರೆದಿಟ್ಟೆವು. ಅತ್ತೆಯವರು ಐನೂರು ರೂಪಾಯಿ ಕಟ್ಟಿದರು. ಸೊಸೆಯ ಪಟ್ಟಿ ನೋಡಿದರೆ ಅಲ್ಲಿಯೂ ಐನೂರು! ಶಿಲ್ಕು ಮಾತ್ರ ಇಬ್ಬರದೂ ಸರಿಯಾಗಿತ್ತು. ಅದೇ ನಮ್ಮನ್ನು ಎರಡು ರಾತ್ರಿ ಕಾಡಿತು. ನಿಜವಾದ ಕೌಂಟರಿನಲ್ಲಿ ಹೀಗಾದರೆ ನಮ್ಮ ಗತಿಯೇನೆಂಬುದನ್ನು ತಾವೇ ಊಹಿಸಬಹುದು.

ಶಿಲ್ಕಿಗೆ ಹಣ ಕೂಡಿಸಿದಾಗ ಹೊಸದೊಂದು ಸಂಖ್ಯೆ ಹುಟ್ಟಿ ಆ ಖಾತೆಯಲ್ಲೇ ಉಳಿಯುತ್ತದೆ. ಪಟ್ಟಿಗೆ ಸಾಲು ಸೇರಿಸಿದಾಗ ಹೊಸ ಪಟ್ಟಿ ಹುಟ್ಟುವುದಿಲ್ಲ. ಕ್ಲಾಸಿನಲ್ಲಿರುವ ಒಂದೇ ಪಟ್ಟಿ ಬೆಳೆಯುತ್ತದೆ, ಅದನ್ನೇ ಎಲ್ಲ ಖಾತೆಗಳೂ ತೋರಿಸುತ್ತವೆ. ಆದ್ದರಿಂದ ಖಾತೆ ತೆರೆಯುವಾಗ ನಡೆಯುವ ‘ಇನಿಟ್’ ಎಂಬ ಭಾಗಕ್ಕೆ ಪಟ್ಟಿಯನ್ನು ಒಯ್ದು, ಅದರ ಮುಂದೆ ‘ಸೆಲ್ಫ್’ ಎಂದು ಬರೆದೆವು. ಸೆಲ್ಫ್ ಎಂದರೆ ‘ಈ ಖಾತೆಯದು’ ಎಂದಷ್ಟೇ. ಒಬ್ಬೊಬ್ಬರಿಗೂ ತಮ್ಮ ತಮ್ಮ ಪಾಸ್‌ಬುಕ್ ದೊರೆಯಿತು.

ಬಡ್ಡಿಯ ದರವನ್ನು ಮಾತ್ರ ಕ್ಲಾಸಿನಲ್ಲಿಯೇ ಉಳಿಸಿದೆವು. ಗೋಡೆಯ ಹಲಗೆಯಲ್ಲಿ ಒಮ್ಮೆ ತಿದ್ದಿದರೆ ಎಲ್ಲರಿಗೂ ಅನ್ವಯಿಸುವ ಸಂಗತಿ ಅದು. ಅಲ್ಲಿಯೂ ಅವಸರ ಮಾಡಿದೆವು ಎನ್ನಿ: ಕ್ಲಾಸಿನಲ್ಲಿ ತಿದ್ದುವ ಬದಲು ಅತ್ತೆಯವರ ಖಾತೆಯಲ್ಲಿ ದರವನ್ನು ಏರಿಸಿದೆವು. ಅತ್ತೆಯವರಿಗೆ ಹೊಸ ಬಡ್ಡಿ, ಸೊಸೆಗೆ ಹಳೆಯದೇ! ಆ ಜಗಳವನ್ನು ತೀರಿಸಿದ್ದು ಮರುದಿನ ರಾತ್ರಿ.