ಕಣ್ಣು ತಪಾಸಣೆ ಉಚಿತ, ತಪಾಸಿಸುವವನ ಸಂಬಳ?

(ಬಡಾವಣೆಯ ಕನ್ನಡ ಯುವಜನರ ಸಭೆಯಲ್ಲಿ ಅಚ್ಚುಕೂಟದ ಮಾಲೀಕರೊಬ್ಬರು ಆಡಿದ ಮಾತು)



ನಾನು ಭಾಷಣಕಾರನಲ್ಲ. ಪಿ.ಯು.ಸಿ. ಮುಗಿಸಿ ಅಪ್ಪನ ಅಚ್ಚುಕೂಟಕ್ಕೆ ಬಂದವನು ಅಲ್ಲೇ ಉಳಿದೆ. ಚಿಕ್ಕವನಿದ್ದಾಗ ಸೀಸದ ಮೊಳೆ ಜೋಡಿಸಿದೆ, ಈಗ ಆಫ್‌ಸೆಟ್ ಓಡಿಸುತ್ತೇನೆ. ಇವನಿಗೇಕೆ ಕಣ್ಣಿನ ವಿಷಯ ಅಂತೀರಾ? ನಲವತ್ತು ದಾಟಿದ ಮೇಲೆ ಕರಡು ತಿದ್ದುವಾಗ ಕಾಗದ ದೂರ ದೂರ ಹೋಗತೊಡಗಿತು. ಕೊನೆಗೆ ಕೈಯೇ ಸಾಲದಾಯಿತು! ಕನ್ನಡಕದ ಅಂಗಡಿಗೆ ಹೋದೆ. ತಪಾಸಣೆ ಮಾಡಿದ ಹುಡುಗ ನಮ್ಮ ಬೀದಿಯವನೇ, ಆಪ್ಟೋಮೆಟ್ರಿ ಪದವೀಧರ. "ಕೈಗೆ ಎಷ್ಟು ಬರುತ್ತಪ್ಪಾ?" ಅಂದೆ. ಹದಿನೆಂಟು ಸಾವಿರ ಅಂದ, ತಲೆ ಎತ್ತದೆ. ನನ್ನ ಯಂತ್ರ ಓಡಿಸುವವನಿಗೆ ನಾನು ಅದಕ್ಕಿಂತ ಹೆಚ್ಚು ಕೊಡುತ್ತೇನೆ.

ಅವನು ಓದಿದ್ದು ಕಡಿಮೆಯೇ? ವಿಜ್ಞಾನದಲ್ಲಿ ಪಿ.ಯು.ಸಿ. ಆದ ಮೇಲೆ ನಾಲ್ಕು ವರ್ಷ. ಅದರಲ್ಲಿ ಒಂದು ವರ್ಷ ಆಸ್ಪತ್ರೆಯಲ್ಲಿ ತರಬೇತಿ. ನಮ್ಮ ರಾಜ್ಯದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೆ ಈ ಪದವಿ ಇದೆ. ಜನ ಇವರನ್ನು ಕಣ್ಣಿನ ಡಾಕ್ಟರು ಅಂತಲೋ, ಕನ್ನಡಕದ ಅಂಗಡಿಯವನು ಅಂತಲೋ ಕರೆಯುತ್ತಾರೆ. ಎರಡೂ ಅಲ್ಲ. ಡಾಕ್ಟರು ಎಂ.ಬಿ.ಬಿ.ಎಸ್. ಓದಿ ಶಸ್ತ್ರಚಿಕಿತ್ಸೆ ಮಾಡುವವರು. ಅಂಗಡಿಯವನು ಗಾಜು ಕೂರಿಸುವವನು. ನಡುವೆ ನಿಂತು ದೃಷ್ಟಿ ಅಳೆದು ನಂಬರು ಬರೆಯುವವನು, ರೋಗದ ಗುರುತು ಕಂಡರೆ ಡಾಕ್ಟರಲ್ಲಿಗೆ ಕಳಿಸುವವನು ಆಪ್ಟೋಮೆಟ್ರಿಸ್ಟ್.

ಹಾಗಾದರೆ ಸಂಬಳ ಯಾಕೆ ಹೀಗೆ? ಹೇಳಲು ನನಗೇ ನಾಚಿಕೆ, ಉತ್ತರ ನನ್ನ ಅಚ್ಚುಕೂಟದಲ್ಲೇ ಇದೆ. "ಉಚಿತ ಕಣ್ಣು ತಪಾಸಣೆ" ಎಂಬ ಕರಪತ್ರ ಎಷ್ಟು ಸಾವಿರ ಅಚ್ಚು ಹಾಕಿದ್ದೇನೋ ಲೆಕ್ಕವಿಲ್ಲ. "ಉಚಿತ" ಅನ್ನುವುದನ್ನೇ ದಪ್ಪಕ್ಷರದಲ್ಲಿ ಹಾಕಿ ಅಂತಾರೆ! ತಪಾಸಣೆಗೆ ಕಾಸಿಲ್ಲ ಅಂದರೆ ತಪಾಸಿಸುವವನ ಸಂಬಳ ಎಲ್ಲಿಂದ ಬರಬೇಕು? ಫ್ರೇಮು ಮಾರಿದ ದುಡ್ಡಿನಿಂದ. ಹಾಗಾಗಿ ಮಾಲೀಕನ ಲೆಕ್ಕದಲ್ಲಿ ಅವನು ಸೇಲ್ಸ್‌ಮನ್. ತಿಂಗಳಿಗೆ ಇಷ್ಟು ಮಾರಬೇಕೆಂಬ ಗುರಿ, ಮುಟ್ಟಿದರೆ ಮೇಲೊಂದಿಷ್ಟು.

ಇನ್ನೊಂದು ಕಾರಣ ಕಾನೂನು. ಈ ವೃತ್ತಿಗೆ ದೇಶಕ್ಕೆಲ್ಲ ಅನ್ವಯಿಸುವ ನೋಂದಣಿ ಕಾಯ್ದೆ ಬಂದದ್ದೇ 2021ರಲ್ಲಿ. ಪದವಿ ಕನಿಷ್ಠ 3600 ಗಂಟೆಯದಾಗಿರಬೇಕು, ರಾಜ್ಯಕ್ಕೊಂದು ಪರಿಷತ್ತು ಇರಬೇಕು ಎಂದೆಲ್ಲ ಅದರಲ್ಲಿದೆ. ಜಾರಿ ಮಾಡಿ ಎಂದು 2024ರಲ್ಲಿ ಸುಪ್ರೀಂ ಕೋರ್ಟೇ ಸರ್ಕಾರಗಳಿಗೆ ಹೇಳಬೇಕಾಯಿತು. ಅಲ್ಲಿಯವರೆಗೆ ಬಿಳಿ ಕೋಟು ಹಾಕಿ ಯಂತ್ರದ ಮುಂದೆ ಕೂತವರೆಲ್ಲ ತಜ್ಞರೇ!

ಯಂತ್ರ ನಂಬರು ಕೊಡುತ್ತದಲ್ಲಾ, ಮನುಷ್ಯ ಯಾಕೆ ಅಂತ ನಾನೂ ಕೇಳಿದ್ದೆ. ಯಂತ್ರ ಕೊಡುವುದು ಮೊದಲ ಅಂದಾಜು ಮಾತ್ರ. ಆಮೇಲೆ ಒಂದೊಂದೇ ಗಾಜು ಹಾಕಿ "ಇದು ಚೆನ್ನಾಗಿ ಕಾಣುತ್ತದೋ, ಅದೋ?" ಎಂದು ಕೇಳಿ ಕೇಳಿಯೇ ನಂಬರು ಕೂರಿಸಬೇಕು. ಅಂದರೆ ಅರ್ಧ ಕೆಲಸ ಮಾತಿನದು.

ನಮ್ಮ ಅತ್ತೆಯವರನ್ನು ನಗರದ ಒಂದು ದೊಡ್ಡ ಅಂಗಡಿಗೆ ಕರೆದುಕೊಂಡು ಹೋಗಿದ್ದೆವು. ತಪಾಸಿಸಿದವನಿಗೆ ಕನ್ನಡದ ಒಂದಕ್ಷರ ಬಾರದು. "ಪೆಹಲಾವಾಲಾ ಯಾ ದೂಸರಾ?" ಅಂದ. ಅವರು ಹೂಂ ಅಂದರು. ಮತ್ತೆ ಕೇಳಿದ, ಮತ್ತೆ ಹೂಂ. ಮೂರು ಸಾವಿರದ ಕನ್ನಡಕ ಬಂತು, ವಾರದಲ್ಲೇ ಪೆಟ್ಟಿಗೆ ಸೇರಿತು. ಹಾಕಿಕೊಂಡರೆ ನೆಲ ಎದ್ದು ಬರುತ್ತದೆ ಅಂತಿದ್ದರು. ಕೊನೆಗೆ ನಮ್ಮ ಬೀದಿಯ ಹುಡುಗನೇ ಅರ್ಧ ಗಂಟೆ ಕೂರಿಸಿಕೊಂಡು ಕನ್ನಡದಲ್ಲಿ ಕೇಳಿ ನೋಡಿದ. ನಂಬರೂ ತಪ್ಪಿತ್ತು, ಎಡಗಣ್ಣಿಗೆ ಪೊರೆಯೂ ಬಂದಿತ್ತು. ಡಾಕ್ಟರಲ್ಲಿಗೆ ಚೀಟಿ ಬರೆದುಕೊಟ್ಟ. ಮೊದಲಿನವನನ್ನು ನಾನು ಬೈಯುವುದಿಲ್ಲ, ಅವನೂ ಹೊಟ್ಟೆಪಾಡಿಗೆ ಬಂದವನು. ಕನ್ನಡ ಕಲಿಸದೆ ಅಲ್ಲಿ ಕೂರಿಸಿದ ಮಾಲೀಕನನ್ನು ಕೇಳಬೇಕು.

ಹೋದ ವರ್ಷ ಒಂದು ಕಣ್ಣಿನ ಶಿಬಿರಕ್ಕೆ ಕನ್ನಡ ಅಕ್ಷರದ ಫಲಕ ಅಚ್ಚು ಹಾಕಿಕೊಟ್ಟೆ. ಈ ಫಲಕದ ಲೆಕ್ಕವನ್ನು 1862ರಲ್ಲಿ ಹಾಕಿಕೊಟ್ಟವನು ಹಾಲೆಂಡಿನ ಸ್ನೆಲ್ಲೆನ್ ಎಂಬ ಕಣ್ಣಿನ ವೈದ್ಯ. ಆರು ಮೀಟರ್ ದೂರಕ್ಕೆ 6/6 ಸಾಲಿನ ಅಕ್ಷರ ಸುಮಾರು 8.7 ಮಿಲಿಮೀಟರ್ ಎತ್ತರ ಇರಬೇಕು, 6/60ರದು ಅದರ ಹತ್ತರಷ್ಟು. ನನಗೆ ಪಾಯಿಂಟಿನ ಲೆಕ್ಕ ಗೊತ್ತು, ಈ ಶಿಸ್ತು ಗೊತ್ತಿರಲಿಲ್ಲ. ಒತ್ತಕ್ಷರ ಹಾಕುವಂತಿಲ್ಲ. ವ, ಮ ಒಂದರ ಪಕ್ಕ ಒಂದು ಬಂದರೆ ಮುದುಕರು ತಡವರಿಸುತ್ತಾರೆ. ಮೂರು ಸಲ ಪ್ಲೇಟು ಬದಲಿಸಿದೆ. ನಷ್ಟವಾಯಿತು ಅನ್ನಿ, ಆದರೆ ಅಷ್ಟು ಖುಷಿಯಿಂದ ಬೇರೆ ಯಾವ ಕೆಲಸವನ್ನೂ ಮಾಡಿಲ್ಲ.

ಸರಿ, ನಿಮ್ಮ ತಮ್ಮನೋ ತಂಗಿಯೋ ಇದನ್ನು ಓದಬೇಕೇ? ಓದಲಿ, ಆದರೆ ಲೆಕ್ಕ ತಿಳಿದು ಸೇರಲಿ. ಬೆಂಗಳೂರಿನಲ್ಲಿ ಶುರುವಿಗೆ ಸಾಮಾನ್ಯವಾಗಿ ಹದಿನೈದರಿಂದ ಇಪ್ಪತ್ತೈದು ಸಾವಿರ. ಆಸ್ಪತ್ರೆಯಲ್ಲಿ ಅಂಗಡಿಗಿಂತ ಕಡಿಮೆ ಕೊಟ್ಟರೂ ಮೊದಲೆರಡು ವರ್ಷ ಅಲ್ಲೇ ಇರಿ, ಕೈ ಪಳಗುವುದು ಅಲ್ಲಿ. ಕಾಂಟ್ಯಾಕ್ಟ್ ಲೆನ್ಸು, ಮಂದದೃಷ್ಟಿಯವರ ಆರೈಕೆ, ಮಕ್ಕಳ ಸಮೀಪದೃಷ್ಟಿ, ಇವುಗಳಲ್ಲಿ ಪಳಗಿದವರಿಗೆ ಬೆಲೆ ಬೇರೆ. 2050ರ ಹೊತ್ತಿಗೆ ಜಗತ್ತಿನ ಅರ್ಧ ಜನಕ್ಕೆ ಸಮೀಪದೃಷ್ಟಿ ಇರುತ್ತದೆಂದು 2016ರಲ್ಲೇ ತಜ್ಞರು ಅಂದಾಜು ಮಾಡಿದ್ದಾರೆ. ಕೆಲಸಕ್ಕಂತೂ ಬರವಿಲ್ಲ. ಸಂದರ್ಶನಕ್ಕೆ ಹೋದಾಗ ಮೂಲ ಸಂಬಳ ಎಷ್ಟು, ಮಾರಾಟದ ಗುರಿ ಎಷ್ಟು, ಒಬ್ಬ ರೋಗಿಗೆ ಎಷ್ಟು ನಿಮಿಷ ಎಂದು ಕೇಳಿ. ಕೇಳಲು ಸಂಕೋಚವೇಕೆ? ಕನ್ನಡದಲ್ಲಿ ತಪಾಸಣೆ ಮಾಡಬಲ್ಲೆ ಎನ್ನುವುದನ್ನು ಅರ್ಜಿಯಲ್ಲೇ ಬರೆಯಿರಿ. ಅದು ಅಭಿಮಾನದ ಮಾತಲ್ಲ, ಕೆಲಸದ ಅರ್ಹತೆ.

ಅಮೆರಿಕದ ಆಸೆ ತೋರಿಸುವವರಿದ್ದಾರೆ. ಅಲ್ಲಿ 2023ರಲ್ಲಿ ಇವರ ವರ್ಷದ ಗಳಿಕೆ ಸುಮಾರು 1.3 ಲಕ್ಷ ಡಾಲರ್, ನಿಜ. ಆದರೆ ಅಲ್ಲಿಯವರು ಪದವಿಯ ಮೇಲೆ ಮತ್ತೆ ನಾಲ್ಕು ವರ್ಷ ಓದಿ ಪರವಾನಗಿ ಪಡೆದವರು. ನಮ್ಮ ಪದವಿ ಹಿಡಿದು ನೇರವಾಗಿ ಹೋಗಿ ಕೂರಲಾಗದು. ಏಜೆಂಟರ ಮಾತು ನಂಬಿ ಮನೆ ಅಡವಿಡಬೇಡಿ.

ನಮ್ಮ ಬೀದಿಯ ಹುಡುಗ ಈಗ ಊರಿಗೆ ಹೋಗಿ ತಾಲೂಕು ಕೇಂದ್ರದಲ್ಲಿ ಸ್ವಂತ ಅಂಗಡಿ ಇಟ್ಟಿದ್ದಾನೆ. ಹಳೆಯ ಯಂತ್ರ ಕೊಂಡಿದ್ದಾನೆ, ಸಾಲ ಇನ್ನೂ ಇದೆ. ತಪಾಸಣೆಗೆ ನೂರು ರೂಪಾಯಿ ಎಂದು ಬೋರ್ಡು ಹಾಕಿದ್ದಾನೆ, ಆ ಬೋರ್ಡನ್ನೂ ನಾನೇ ಮಾಡಿಕೊಟ್ಟೆ. ಮೊದಲ ತಿಂಗಳು ಜನ ಬೋರ್ಡು ಓದಿ ವಾಪಸು ಹೋದರಂತೆ. ಈಗ ಸಂತೆಯ ದಿನ ಬೆಂಚು ಸಾಲುತ್ತಿಲ್ಲವಂತೆ.

ಶಿಬಿರಕ್ಕೆ ಮಾಡಿದ ಕನ್ನಡ ಫಲಕಗಳು ಇನ್ನೂ ಹತ್ತಿಪ್ಪತ್ತು ನನ್ನಲ್ಲಿ ಉಳಿದಿವೆ. ಈ ಓದಿನಲ್ಲಿರುವವರು ಯಾರಾದರೂ ಇದ್ದರೆ ಬಂದು ಒಯ್ಯಿರಿ, ಕಾಸು ಬೇಡ. ಮಡಿಸದೆ ಸುರುಳಿ ಸುತ್ತಿಕೊಂಡು ಹೋಗಿ, ಮಡಿಸಿದರೆ ಗೆರೆ ಅಕ್ಷರದ ಮೇಲೇ ಬೀಳುತ್ತದೆ.