ಡ್ರಮ್ ತುಂಬಲು ಎಷ್ಟು ಸೆಕೆಂಡ್?



ಈ ವಾರ ನಿಮ್ಮಿಂದ ಒಂದು ಚಿಕ್ಕ ಪ್ರಯೋಗ ಮಾಡಿಸಬೇಕೆಂದಿದ್ದೇನೆ. ಬೇಕಾದದ್ದು 200 ಲೀಟರಿನ ಒಂದು ಡ್ರಮ್ಮು, ಸೆಕೆಂಡ್ ಮುಳ್ಳಿರುವ ಒಂದು ಗಡಿಯಾರ ಮತ್ತು ನೀರೆತ್ತುವ ಒಂದು ಪಂಪ್‌ಸೆಟ್. ಮೂರನೆಯದಕ್ಕೆ ನಮ್ಮ ಹಳ್ಳಿಗಳಲ್ಲಿ ಬರವಿಲ್ಲ. ಪಟ್ಟಣದವರು ರಜೆಗೆ ಅಜ್ಜಿಯ ಊರಿಗೆ ಹೋದಾಗ ಮಾಡಿ ನೋಡಬಹುದು.

ನಾನು ಮೊದಲು ಮಾಡಿದ್ದು ನಮ್ಮ ಅಣ್ಣನ ತೋಟದಲ್ಲಿ. ಮೂರು ಎಕರೆ ಜಮೀನು, ಒಂದು ಕೊಳವೆಬಾವಿ, 5 ಎಚ್.ಪಿ. ಮೋಟಾರು. ಪೈಪಿನ ಬಾಯಿಗೆ ಡ್ರಮ್ ಹಿಡಿದೆವು. 100 ಸೆಕೆಂಡಿಗೆ ತುಂಬಿತು. ಅಂದರೆ ಸೆಕೆಂಡಿಗೆ 2 ಲೀಟರ್, ತೂಕದಲ್ಲಿ 2 ಕಿಲೋ. ಪಂಪು ಓಡುವಾಗ ಬಾವಿಯಲ್ಲಿ ನೀರು ನಿಲ್ಲುತ್ತಿದ್ದದ್ದು 60 ಮೀಟರ್ ಆಳದಲ್ಲಿ. ಇನ್ನು ನೀವು ಪಿಯುಸಿಯಲ್ಲಿ ಓದುವ ಲೆಕ್ಕವೇ ಸಾಕು. ಸೆಕೆಂಡಿಗೆ ಮೇಲೆ ಬರುವ ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ, ಇವನ್ನು ಗುಣಿಸಿ: 2 × 9.8 × 60. ಉತ್ತರ 1176 ವಾಟ್. ನೀರನ್ನು ಮೇಲೆತ್ತಲು ನಿಜವಾಗಿ ಬೇಕಾದ ಶಕ್ತಿ ಇಷ್ಟೇ. ಆದರೆ ಪರಿಚಯದ ಎಲೆಕ್ಟ್ರಿಷಿಯನ್ ತಂದಿದ್ದ ಮೀಟರು ತೋರಿಸಿದ್ದು 4.8 ಕಿಲೋವಾಟ್! ನಾಲ್ಕರಲ್ಲಿ ಒಂದು ಪಾಲು ನೀರಿಗೆ. ಮಿಕ್ಕ ಮೂರು ಪಾಲು ಬಿಸಿಯಾಗಿ, ಅದುರುವಿಕೆಯಾಗಿ, ಪೈಪಿನೊಳಗಿನ ಘರ್ಷಣೆಯಾಗಿ ಹೋಗುತ್ತಿತ್ತು. ಪೂರ್ತಿ ನೂರು ಯಾವ ಯಂತ್ರಕ್ಕೂ ಸಾಧ್ಯವಿಲ್ಲ. ಆದರೆ ಬಾವಿಗೆ ಸರಿಹೊಂದುವ ಒಳ್ಳೆಯ ಪಂಪ್‌ಸೆಟ್ಟಿನಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ದಕ್ಕಬೇಕು.

ನಾನು ಬಿ.ಎಸ್‌ಸಿ. ಓದಿದವನಲ್ಲವೇ, ಹೆಮ್ಮೆಯಿಂದ ಲೆಕ್ಕದ ಹಾಳೆ ಮುಂದಿಟ್ಟೆ. ಅಣ್ಣ ನಕ್ಕ. "ಬಿಲ್ಲೇ ಬರೋಲ್ಲ, ಉಳಿಸಿ ಯಾರಿಗೆ ಕೊಡಲಪ್ಪ?" ಎಂದ.

ಅವನ ಮಾತು ತಪ್ಪಲ್ಲ. ಕರ್ನಾಟಕದಲ್ಲಿ 10 ಎಚ್.ಪಿ.ವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಉಚಿತ; ಆ ಹಣವನ್ನು ಸರ್ಕಾರ ವಿದ್ಯುತ್ ಕಂಪನಿಗಳಿಗೆ ಕಟ್ಟಿಕೊಡುತ್ತದೆ. ರೈತನ ಕೈಗೆ ಬರುವ ಬಿಲ್ಲು ಬೇರೆ ಬಗೆಯದು. ಒಂದೇ ವರ್ಷದಲ್ಲಿ ಅಣ್ಣನ ಮೋಟಾರು ಎರಡು ಸಲ ಸುಟ್ಟಿತ್ತು. ವೋಲ್ಟೇಜ್ ಇಳಿದಾಗ ಮೋಟಾರು ಅದೇ ಕೆಲಸಕ್ಕೆ ಹೆಚ್ಚು ಕರೆಂಟು ಎಳೆಯುತ್ತದೆ. ತಂತಿಯಲ್ಲಿ ಹುಟ್ಟುವ ಶಾಖ ಆ ಕರೆಂಟಿನ ವರ್ಗದಷ್ಟು ಏರುತ್ತದೆ. ಒಂದು ಸಾಲಿನ ಪಂಪುಗಳೆಲ್ಲ ಹೀಗೆ ಬೇಕಾದ್ದಕ್ಕಿಂತ ಹೆಚ್ಚು ಎಳೆದರೆ ಆ ಸಾಲಿನ ವೋಲ್ಟೇಜ್ ಇನ್ನಷ್ಟು ಕುಸಿಯುತ್ತದೆ. ಪಕ್ಕದ ತೋಟದ ದುಂದು ನಮ್ಮ ಕಾಯಿಲನ್ನು ಸುಡುತ್ತದೆ, ನಮ್ಮದು ಅವರದನ್ನು.

ಮೂರನೆಯ ಸಲ ಮೋಟಾರು ಸುಟ್ಟಾಗ ಪೈಪೆಲ್ಲ ಮೇಲೆತ್ತಿಸಿ ನೋಡಿದೆವು. ಮರಳು ಉಜ್ಜಿ ಪಂಪಿನ ಇಂಪೆಲ್ಲರುಗಳು ಸವೆದಿದ್ದವು. ಪೈಪು ಒಂದೂವರೆ ಇಂಚಿನದು. ಇಲ್ಲೊಂದು ಸ್ವಾರಸ್ಯವಿದೆ. ಅಷ್ಟೇ ನೀರು ಹರಿಯುವಾಗ ಘರ್ಷಣೆಯ ನಷ್ಟ ಪೈಪಿನ ವ್ಯಾಸದ ಐದನೆಯ ಘಾತಕ್ಕೆ ವಿಲೋಮವಾಗಿರುತ್ತದೆ. ಒಂದೂವರೆ ಇಂಚಿನಿಂದ ಎರಡು ಇಂಚಿಗೆ ಬಂದರೆ ಸಾಕು, ನಷ್ಟ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಅರ್ಧ ಇಂಚಿನ ಮಹಿಮೆ! ಇನ್ನು 5 ಎಚ್.ಪಿ. ಏಕೆ ಎಂದರೆ, ಪಕ್ಕದ ತೋಟದಲ್ಲಿ ಅದೇ ಇತ್ತು, ಅಷ್ಟೇ. ಎರಡು ಇಂಚಿನ ಪೈಪು, ಬಾವಿಯ ಆಳಕ್ಕೂ ನೀರಿಗೂ ಹೊಂದುವ 3 ಎಚ್.ಪಿ. ಪಂಪು ಇಳಿಸಿದೆವು. ಡ್ರಮ್ ಮತ್ತೆ 100 ಸೆಕೆಂಡಿಗೇ ತುಂಬಿತು. ಮೀಟರಿನಲ್ಲಿ 2.7 ಕಿಲೋವಾಟ್. ಎಷ್ಟು ಪಾಲು ದಕ್ಕಿತು ಎಂಬ ಲೆಕ್ಕ ನಿಮಗೆ ಬಿಟ್ಟಿದ್ದೇನೆ.

ಈಗ ಅಣ್ಣನಿಗೆ ಸೌರ ಪಂಪಿನ ಆಸೆ ಹುಟ್ಟಿದೆ. ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ಕುಸುಮ್ ಯೋಜನೆಯಲ್ಲಿ ಇದಕ್ಕೆ ಸಹಾಯಧನವುಂಟು. ಹಗಲಲ್ಲೇ ನೀರು ಹಾಯಿಸಬಹುದು. ನಡುರಾತ್ರಿ ಟಾರ್ಚು ಹಿಡಿದು, ಹಾವಿಗೆ ಹೆದರುತ್ತಾ ತೋಟಕ್ಕೆ ಹೋಗುವ ಕಷ್ಟ ತಪ್ಪುತ್ತದೆ. ಈ ಒಂದು ಕಾರಣಕ್ಕೇ ನಾನು ಅದರ ಪಕ್ಷದವನು. ಪಂಪು ಚಿಕ್ಕದಾದಷ್ಟೂ ಫಲಕಗಳು ಕಡಿಮೆ ಸಾಕು. ಆದ್ದರಿಂದಲೇ ಮೊದಲು ಪೈಪು, ಆಮೇಲೆ ಸೂರ್ಯ ಎನ್ನುತ್ತೇನೆ.

ಆದರೆ ಒಂದು ಆತಂಕವೂ ಇದೆ. ಬಿಸಿಲು ದಿನವೂ ಬರುತ್ತದೆ, ಅಂತರ್ಜಲ ಹಾಗೆ ಬರುವುದಿಲ್ಲ. ಬಿಟ್ಟಿ ಬಿಸಿಲಿದೆಯೆಂದು ದಿನವಿಡೀ ಪಂಪು ಓಡಿಸಿದರೆ? ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಗ್ರಾಮದಲ್ಲಿ ಆರು ರೈತರು 2016ರಲ್ಲಿ ಸಹಕಾರ ಸಂಘ ಕಟ್ಟಿಕೊಂಡು, ನೀರಿಗೆ ಬಳಸಿ ಮಿಕ್ಕ ಸೌರ ವಿದ್ಯುತ್ತನ್ನು ವಿದ್ಯುತ್ ಕಂಪನಿಗೆ ಮಾರತೊಡಗಿದರು. ಪಂಪು ನಿಲ್ಲಿಸಿದರೂ ಆದಾಯ! ನಮ್ಮಲ್ಲಿ 2014ರಲ್ಲಿ ಬಂದ 'ಸೂರ್ಯ ರೈತ' ಯೋಜನೆಯ ಹಿಂದೆಯೂ ಇದೇ ವಿಚಾರವಿತ್ತು. ಮಾರುವ ದಾರಿಯಿಲ್ಲದ ಸೌರ ಪಂಪನ್ನು ಕಂಡರೆ ನನಗೆ ಸಂತೋಷದ ಜೊತೆ ಅಳುಕೂ ಆಗುತ್ತದೆ.

ಅಳುಕಿಗೆ ಕಾರಣ ಹೇಳಿಬಿಡುತ್ತೇನೆ. ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಅದೇ ಡ್ರಮ್ ಹಿಡಿದೆ. ತುಂಬಲು 130 ಸೆಕೆಂಡ್ ಬೇಕಾಯಿತು. ಪಂಪು, ಪೈಪು ಎರಡೂ ಸರಿಯಾಗಿದ್ದವು. ಬಾವಿಯಲ್ಲಿ ನೀರೇ ಕೆಳಗಿಳಿದಿತ್ತು. ಅಣ್ಣ ಈಗ ಪ್ರತಿ ತಿಂಗಳೂ ಡ್ರಮ್ ಹಿಡಿದು, ಪಂಪ್‌ಹೌಸಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಸೆಕೆಂಡುಗಳನ್ನು ಬರೆದಿಡುತ್ತಾನೆ.